ಸ್ಟಾರ್ಟರ್‌ನಲ್ಲಿ 415 ವೋಲ್ಟ್, ಬೋರ್‌ನೊಳಗೆ ಎಷ್ಟು?

ಪ್ರಶ್ನೆ: ನಮ್ಮ ತೋಟದ 5 ಎಚ್‌ಪಿ ಸಬ್‌ಮರ್ಸಿಬಲ್ ಮೋಟರ್ ಪದೇ ಪದೇ ಸುಡುತ್ತಿದೆ. ಸ್ಟಾರ್ಟರ್‌ನಲ್ಲಿ ನೋಡಿದರೆ 415 ವೋಲ್ಟ್ ಸರಿಯಾಗೇ ಇದೆ. ಕೇಬಲ್ ಸಣ್ಣದಾಯ್ತು ಅಂತಾರೆ ಮೆಕ್ಯಾನಿಕ್. ಶೆಡ್ಡಿನಿಂದ ಬೋರ್‌ಗೆ 200 ಮೀಟರ್, ಮೋಟರ್ ಇಳಿಸಿರುವುದು 500 ಅಡಿಗೆ. ಎಷ್ಟು ದಪ್ಪದ ಕೇಬಲ್ ಬೇಕು ಅಂತ ನಾವೇ ಲೆಕ್ಕ ಹಾಕಬಹುದಾ?

ಉತ್ತರ: ಹಾಕಬಹುದು, ಹಾಕಲೇಬೇಕು. ಸ್ಟಾರ್ಟರ್‌ನ ಮೀಟರ್ ತೋರಿಸುವುದು ಶೆಡ್ಡಿಗೆ ಬಂದ ವೋಲ್ಟೇಜು. ಅಲ್ಲಿಂದ ಮುಂದೆ ಕೇಬಲ್ ಎಷ್ಟು ತಿಂದಿತು ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. 500 ಅಡಿ ಕೆಳಗೆ ಮೀಟರ್ ಹಿಡಿಯಲು ಯಾರಿಂದಲೂ ಆಗದು. ಅದಕ್ಕೇ ಈ ಲೆಕ್ಕ.

ಡ್ರಿಪ್ ಪೈಪು ನೆನಪಿಸಿಕೊಳ್ಳಿ. ತುದಿಯ ವಾಲ್ವ್ ಮುಚ್ಚಿದ್ದರೆ ಅಲ್ಲೂ ಪೂರ್ತಿ ಪ್ರೆಷರ್ ಇರುತ್ತದೆ. ತೆಗೆದು ನೀರು ಹರಿದಾಗಲೇ ಕಡಿಮೆಯಾಗುವುದು, ಅಲ್ವಾ? ಕರೆಂಟೂ ಹಾಗೇ. ಮೋಟರ್ ಕರೆಂಟ್ ಎಳೆಯದಿದ್ದರೆ ಸ್ಟಾರ್ಟರ್‌ನಿಂದ ಬಂದ 415 ಕೇಬಲ್ ತುದಿಯಲ್ಲೂ ಹಾಗೇ ಇರುತ್ತದೆ. ಓಡಲು ಶುರುವಾದ ಮೇಲೆ ಇಳಿಯುತ್ತದೆ.

ಲೆಕ್ಕಕ್ಕೆ ಮೂರು ಸಂಗತಿ ಸಾಕು: ಉದ್ದ, ಆಂಪ್ಸ್, ತಂತಿಯ ದಪ್ಪ. ಉದ್ದದಲ್ಲೇ ಜಾಸ್ತಿ ಜನ ತಪ್ಪುವುದು. ನೆಲದ ಮೇಲಿನ 200 ಮೀಟರ್ ಹಿಡಿದು, ಬೋರ್‌ನೊಳಗಿನದನ್ನು ಬಿಟ್ಟುಬಿಡುತ್ತಾರೆ. 500 ಅಡಿ ಅಂದರೆ ಸುಮಾರು 150 ಮೀಟರ್. ನಿಮ್ಮದು ಒಟ್ಟು 350. ಆಂಪ್ಸ್ ಮೋಟರಿನ ಪ್ಲೇಟಿನ ಮೇಲೆ ಬರೆದಿರುತ್ತದೆ. ಇಲ್ಲಿ 10 ಅಂತ ಇಟ್ಟುಕೊಳ್ಳೋಣ.

ತಾಮ್ರದ ತಂತಿಗೆ 0.02 ಅನ್ನು ಮೀಟರ್ ಉದ್ದದಿಂದ ಗುಣಿಸಿ, ತಂತಿಯ ದಪ್ಪದ ಸ್ಕ್ವೇರ್ ಎಂಎಂನಿಂದ ಭಾಗಿಸಿ. ಒಂದು ತಂತಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಓಮ್‌ನಲ್ಲಿ ಸಿಗುತ್ತದೆ. ತಣ್ಣಗಿನ ತಾಮ್ರಕ್ಕೆ ಈ ಅಂಕಿ 0.0175ರ ಹತ್ತಿರ, ಆದರೆ ಓಡುವಾಗ ತಂತಿ ಬಿಸಿಯಾಗುವುದರಿಂದ ಸ್ವಲ್ಪ ಜಾಸ್ತಿಯೇ ಹಿಡಿಯುವುದು ಒಳ್ಳೆಯದು. 2.5 ಸ್ಕ್ವೇರ್ ಎಂಎಂ ಕೇಬಲ್ ಆದರೆ 2.8 ಓಮ್ ಬರುತ್ತದೆ. ಅದನ್ನು 10 ಆಂಪ್ಸ್‌ನಿಂದ ಗುಣಿಸಿದರೆ 28. ತ್ರೀ ಫೇಸ್ ಆದ್ದರಿಂದ ಮತ್ತೆ 1.73ರಿಂದ ಗುಣಿಸಿ: ಕೇಬಲ್ ತಿನ್ನುವುದು 48 ವೋಲ್ಟ್. ಸಿಂಗಲ್ ಫೇಸ್ ಮೋಟರಾದರೆ 1.73ರ ಬದಲು 2, ಯಾಕೆಂದರೆ ಕರೆಂಟ್ ಹೋದ ದಾರಿಯಷ್ಟೇ ಉದ್ದದ ಇನ್ನೊಂದು ತಂತಿಯಲ್ಲಿ ವಾಪಸ್ ಬರಬೇಕು.

ಅಂದರೆ ನಿಮ್ಮ ಕೇಬಲ್ 2.5ರದ್ದಾಗಿದ್ದರೆ ಮೋಟರಿಗೆ ಸಿಗುವುದು 367 ವೋಲ್ಟ್. ಎತ್ತಬೇಕಾದ ನೀರು ಅಷ್ಟೇ ಇರುವುದರಿಂದ ಅದು ಜಾಸ್ತಿ ಆಂಪ್ಸ್ ಎಳೆಯುತ್ತದೆ. ಆಂಪ್ಸ್ ಏರಿದರೆ ಕೇಬಲ್ ಇನ್ನಷ್ಟು ತಿನ್ನುತ್ತದೆ, ಮೋಟರಿನೊಳಗಿನ ತಂತಿ ಸುರುಳಿ (ವೈಂಡಿಂಗ್) ಬಿಸಿಯಾಗುತ್ತದೆ. ಸ್ಟಾರ್ಟ್ ಆಗುವಾಗಂತೂ ಮೋಟರ್ ಐದಾರು ಪಟ್ಟು ಆಂಪ್ಸ್ ಕೇಳುತ್ತದೆ. ಆಗ ವೋಲ್ಟೇಜ್ ಕುಸಿದರೆ ಅದು ಸುಮ್ನೆ ಗುಂಯ್ ಅಂತ ನರಳುತ್ತದೆ, ತಿರುಗುವುದಿಲ್ಲ.

ಕೇಬಲ್‌ನಲ್ಲಿ ಕಳೆಯುವುದು ನೂರಕ್ಕೆ ಐದರೊಳಗಿರಲಿ, ಅಂದರೆ ಸುಮಾರು 20 ವೋಲ್ಟ್. 4 ಸ್ಕ್ವೇರ್ ಎಂಎಂ ಹಾಕಿದರೆ 30 ಹೋಗುತ್ತದೆ, 6 ಹಾಕಿದರೆ 20. ನಿಮಗೆ 6 ಬೇಕು. ಬೋರ್ ಇನ್ನೂ ಇಳಿಸುವ ಯೋಚನೆ ಇದ್ದರೆ 10 ಹಾಕಿ. ಅಲ್ಯೂಮಿನಿಯಂ ಆದರೆ 0.02 ಬದಲು 0.033 ಹಿಡಿಯಿರಿ. ತಾಮ್ರದ 6 ಮಾಡುವ ಕೆಲಸಕ್ಕೆ ಅದು 10 ಬೇಕು.

ಜಾಯಿಂಟನ್ನೂ ಮರೆಯಬೇಡಿ. ತಂತಿ ತಿರುಚಿ ಟೇಪು ಸುತ್ತಿದ ಒಂದು ಸಡಿಲ ಜಾಯಿಂಟಿನಲ್ಲಿ ಕಾಲು ಓಮ್ ಇದ್ದರೂ 10 ಆಂಪ್ಸ್‌ಗೆ 25 ವಾಟ್ ಶಾಖ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯಷ್ಟು! ಟೇಪು ಕಂದಾಗಿ ಮುದುಡಿದ್ದರೆ, ಮೇನ್ ಆಫ್ ಮಾಡಿ, ಆ ಜಾಯಿಂಟನ್ನು ಬಿಚ್ಚಿ ಹೊಸದಾಗಿ ಹಾಕಿಸಿ.

ಒಂದು ಪರೀಕ್ಷೆ ಬಾಕಿ. ಮೋಟರ್ ಓಡುತ್ತಿರುವಾಗ ಸ್ಟಾರ್ಟರ್‌ನ ಮೀಟರ್ ನೋಡಿ. ಅಲ್ಲೇ 370ಕ್ಕೆ ಇಳಿದರೆ ತೊಂದರೆ ಶೆಡ್ಡಿಗಿಂತ ಹಿಂದಿದೆ: ಲೈನಿನಲ್ಲಿ ಅಥವಾ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್). ಆಗ ಎಷ್ಟು ದಪ್ಪದ ಕೇಬಲ್ ತಂದರೂ ಪೂರ್ತಿ ಪ್ರಯೋಜನ ಆಗದು. ಮೂರ್ನಾಲ್ಕು ದಿನ ಯಾವ ಹೊತ್ತಿಗೆ ಎಷ್ಟು ವೋಲ್ಟೇಜು ಅಂತ ಬರೆದಿಟ್ಟು, ಆ ಹಾಳೆಯನ್ನು ಲೈನ್‌ಮನ್‌ಗೆ ತೋರಿಸಿ.