ಸೈಕಲ್ ಕಲಿಸೋ ಮೇಷ್ಟ್ರುಗಳು ಎಲ್ಲಿಂದ ಬಂದ್ರು?

ಸೈಕಲ್ ಕಲಿಸೋಕೂ ಒಬ್ರು ಮೇಷ್ಟ್ರು ಬೇಕಾ ಅಂತ ನಗೋರೇ ಜಾಸ್ತಿ. ಅಪ್ಪನೋ ಅಣ್ಣನೋ ಸೀಟ್ ಹಿಡ್ಕೊಂಡು ಹಿಂದೆ ಓಡ್ತಾರೆ, ಯಾವಾಗ್ಲೋ ಹೇಳ್ದೆ ಕೇಳ್ದೆ ಕೈ ಬಿಡ್ತಾರೆ, ಒಂದೆರಡು ಸಲ ಮಂಡಿ ತರಚುತ್ತೆ, ಆಮೇಲೆ ಬಂದ್ಬಿಡುತ್ತೆ, ಇದಕ್ಕೆ ಫೀಸ್ ಬೇರೆ ಕೊಡ್ಬೇಕಾ ಅಂತ. ಆದ್ರೆ ಹಿಂದಕ್ಕೆ ಹೋಗಿ ನೋಡಿದ್ರೆ ಕಥೆ ಉಲ್ಟಾ ಇದೆ. ಸೈಕಲ್ ಹುಟ್ಟಿದ ಜೊತೆಗೇ ಅದನ್ನ ಕಲಿಸೋ ಕಸುಬೂ ಹುಟ್ಟಿದೆ, ಮಧ್ಯದಲ್ಲಿ ಬಹಳ ವರ್ಷ ಹೆಚ್ಚುಕಮ್ಮಿ ಮಾಯ ಆಗಿ ಈಗ ಮತ್ತೆ ತಲೆ ಎತ್ತಿದೆ. ಅಪ್ಪ-ಅಣ್ಣ ಕಲಿಸೋ ಪದ್ಧತಿ ಗಟ್ಟಿಯಾಗಿದ್ದು ಆ ಮಧ್ಯದ ಗ್ಯಾಪ್‌ನಲ್ಲಿ. ಮತ್ತೆ ಯಾವ ಕಾಲದಲ್ಲಿ ಎಂಥೋರು ಕಲಿಸೋಕೆ ಬಂದ್ರು ಅನ್ನೋದ್ರ ಮೇಲೇ ಹೇಗೆ ಕಲಿಸಿದ್ರು ಅನ್ನೋದೂ ನಿಂತಿದೆ ಅಂತ ನನಗನ್ಸುತ್ತೆ.

1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ ಗಾಡಿಗೆ ಪೆಡಲ್ಲೇ ಇರ್ಲಿಲ್ಲ. ಎರಡು ಚಕ್ರ, ಮಧ್ಯ ಒಂದು ಮರದ ಚೌಕಟ್ಟು, ಅದ್ರ ಮೇಲೆ ಕೂತು ಕಾಲಲ್ಲಿ ನೆಲ ಒದ್ಕೊಂಡು ಹೋಗೋದು ಅಷ್ಟೇ. ಲಂಡನ್‌ನಲ್ಲಿ ಕುದುರೆಗಾಡಿ ಮಾಡ್ತಿದ್ದ ಡೆನಿಸ್ ಜಾನ್ಸನ್ ಇದನ್ನೇ ಸುಧಾರಿಸಿ ಮಾರೋಕೆ ಶುರು ಮಾಡಿದ, 1819ರಲ್ಲಿ ಅದನ್ನ ಓಡಿಸೋದು ಹೇಳ್ಕೊಡೋಕೆ ಅಂತ ಅಲ್ಲೇ ಸ್ಕೂಲೂ ತೆಗೆದ. ಲೆಕ್ಕ ಸಿಂಪಲ್, ಓಡಿಸೋಕೆ ಬರದೇ ಇರೋನು ದುಡ್ಡು ಕೊಟ್ಟು ಯಾಕೆ ತಗೋತಾನೆ? ಹಾಗಾಗಿ ಮೊದಮೊದಲ ಮೇಷ್ಟ್ರು ಅಂದ್ರೆ ಮಾರೋನು, ಇಲ್ಲಾ ಮಾರೋನ ಕಡೆಯವನು.

1860ರ ದಶಕದಲ್ಲಿ ಪ್ಯಾರಿಸ್ ಕಡೆಯಿಂದ ಮುಂದಿನ ಚಕ್ರಕ್ಕೆ ಪೆಡಲ್ ಇರೋ ವೆಲಾಸಿಪೀಡ್ ಅನ್ನೋ ಗಾಡಿ ಬಂತು, 1868-69ರಲ್ಲಿ ಅಮೆರಿಕದಲ್ಲಿ ಅದರ ಹುಚ್ಚು ಎಷ್ಟು ಹತ್ತಿತು ಅಂದ್ರೆ ಊರೂರಲ್ಲಿ ದೊಡ್ಡ ಹಾಲ್‌ಗಳನ್ನ ಹಿಡಿದು ಕ್ಲಾಸ್ ಶುರು ಮಾಡಿದ್ರು. ಅಲ್ಲಿ ಹೊಸ ಥರದ ಜನ ಈ ರಂಗಕ್ಕೆ ಇಳಿದ್ರು, ಸ್ಟೇಜ್ ಮೇಲೆ ಕಸರತ್ತು ಮಾಡ್ತಿದ್ದೋರು. ಹ್ಯಾನ್‌ಲನ್ ಬ್ರದರ್ಸ್ ಅಂತ ಹೆಸರುವಾಸಿ ಅಕ್ರೋಬ್ಯಾಟ್ ತಂಡ ಶೋನಲ್ಲಿ ವೆಲಾಸಿಪೀಡ್ ಓಡಿಸಿ ತೋರಿಸಿತ್ತು, ಸುಧಾರಿಸಿದ ಮಾಡೆಲ್‌ಗೆ ಪೇಟೆಂಟೂ ತಗೊಂಡಿತ್ತು. ಕಸರತ್ತು ಮಾಡೋನು ತಾನು ಓಡಿಸ್ತಾನೆ ಸರಿ, ಮೂವತ್ತು ದಾಟಿದ ಗುಮಾಸ್ತನಿಗೆ ಹೇಳ್ಕೊಡೋದು ಬೇರೆ ವಿದ್ಯೆ ಅಲ್ವಾ.

ಆಮೇಲೆ ಬಂದಿದ್ದು ಆ ಮುಂದೆ ದೈತ್ಯ ಚಕ್ರ, ಹಿಂದೆ ಪುಟಾಣಿ ಚಕ್ರದ ಗಾಡಿ. ಅದರಿಂದ ಬಿದ್ರೆ ತಲೆಕೆಳಗಾಗೇ ಬೀಳ್ಬೇಕು. 1884ರಲ್ಲಿ ಅಮೆರಿಕದ ಲೇಖಕ ಮಾರ್ಕ್ ಟ್ವೈನ್ ಕೊಲಂಬಿಯಾ ಬ್ರ್ಯಾಂಡಿನ ಅಂಥದೊಂದು ಗಾಡಿ ತಗೊಂಡು ಒಬ್ಬ ಮೇಷ್ಟ್ರನ್ನ ಇಟ್ಕೊಂಡು ಕಲಿತ. ಆ ಅನುಭವ ತಮಾಷೆಯಾಗಿ ಬರ್ಕೊಂಡಿದ್ದಾನೆ, ಅದ್ರಲ್ಲಿ ಒಂದು ಮಾತು ಇವತ್ತಿಗೂ ಸರಿ: ಯಾವ ಕಡೆ ಬೀಳ್ತಾ ಇದೀಯೋ ಆ ಕಡೆಗೇ ಚಕ್ರ ತಿರುಗಿಸ್ಬೇಕು. ಮನಸ್ಸು ಹೇಳೋದು ಇದಕ್ಕೆ ಪೂರ್ತಿ ವಿರುದ್ಧ, ಬಲಕ್ಕೆ ಬೀಳ್ತಾ ಇದ್ರೆ ಎಡಕ್ಕೆ ಎಳಿ ಅನ್ನುತ್ತೆ, ಎಳೆದ್ರೆ ಬಿದ್ದಂಗೇ ಲೆಕ್ಕ. ಇದ್ರಲ್ಲಿ ಇನ್ನೊಂದು ವಿಚಿತ್ರ ಇದೆ. ಚಿಕ್ಕ ವಯಸ್ಸಲ್ಲಿ ಕಲಿತೋರಿಗೆ ಇದು ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. 1958ರಲ್ಲಿ ಮೈಕೆಲ್ ಪೊಲಾನ್ಯಿ ಅನ್ನೋ ಚಿಂತಕ ಇದನ್ನೇ ಉದಾಹರಣೆಯಾಗಿ ಕೊಟ್ಟ, ಸೈಕಲ್ ಓಡಿಸೋಕೆ ಬರೋರಲ್ಲಿ ಬಹಳಷ್ಟು ಜನಕ್ಕೆ ತಾವು ಹೇಗೆ ಬೀಳದೆ ನಿಲ್ತೀವಿ ಅಂತ ಹೇಳೋಕೆ ಬರಲ್ಲ ಅಂತ. ಅಪ್ಪಂದಿರು 'ಬ್ಯಾಲೆನ್ಸ್ ಮಾಡೋ, ಬ್ಯಾಲೆನ್ಸ್ ಮಾಡೋ' ಅಂತ ಕಿರುಚೋದು ಬಿಟ್ಟು ಬೇರೇನೂ ಹೇಳಲ್ವಲ್ಲ, ಅವರ ತಪ್ಪಿಲ್ಲ ಬಿಡಿ.

1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್ ಬಂತು, ಎರಡೂ ಚಕ್ರ ಹೆಚ್ಚುಕಮ್ಮಿ ಒಂದೇ ಸೈಜು, ಹಿಂದಿನ ಚಕ್ರಕ್ಕೆ ಚೈನು. 1888ರಲ್ಲಿ ಡನ್‌ಲಪ್‌ನ ಗಾಳಿ ತುಂಬೋ ಟೈರು. ಇವೆರಡೂ ಸೇರಿ ಹೆಂಗಸರಿಗೂ ವಯಸ್ಸಾದೋರಿಗೂ ಸೈಕಲ್ ಬಾಗಿಲು ತೆರೀತು, 1890ರ ದಶಕದಲ್ಲಿ ಸ್ಕೂಲ್‌ಗಳು ತುಂಬಿ ತುಳುಕಿದ್ವು. ಕಲಿಯೋರ ಸೊಂಟಕ್ಕೆ ಹಿಡಿ ಇರೋ ಚರ್ಮದ ಬೆಲ್ಟ್ ಕಟ್ಟಿ, ಆ ಹಿಡಿ ಹಿಡ್ಕೊಂಡು ಮೇಷ್ಟ್ರು ಪಕ್ಕದಲ್ಲಿ ಹೋಗೋದೂ ಇತ್ತು. ಅಮೆರಿಕದ ಪಾನನಿರೋಧ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ ತನ್ನ 53ನೇ ವಯಸ್ಸಲ್ಲಿ ಕಲಿತರು, ದಿನಕ್ಕೆ ಕಾಲು ಗಂಟೆ ಪ್ರಾಕ್ಟೀಸಿನ ಲೆಕ್ಕದಲ್ಲಿ ಸುಮಾರು ಮೂರು ತಿಂಗಳು ಹಿಡೀತು. ದೊಡ್ಡೋರಾದ್ಮೇಲೆ ಕಲಿಯೋಕೆ ನಾಚಿಕೆ ಪಡೋರಿಗೆ ಈ ಹೆಸರು ಹೇಳೋದು ನನಗೆ ಅಭ್ಯಾಸ ಆಗ್ಬಿಟ್ಟಿದೆ.

ಆಮೇಲೆ ಏನಾಯ್ತು? ಸೈಕಲ್ ಅಗ್ಗ ಆಯ್ತು, ಸೋಕಿ ಜನ ಮೋಟಾರು ಕಡೆ ಹೋದ್ರು, ಸೈಕಲ್ ಸಾಮಾನ್ಯರ ಗಾಡಿ ಆಯ್ತು. ಮನೇಲಿ ಒಬ್ರಿಗೆ ಬಂದ್ರೆ ಇನ್ನೊಬ್ರಿಗೆ ಪುಕ್ಕಟೆ ಕಲಿಸ್ತಾರೆ, ಹಾಗಾಗಿ ದುಡ್ಡು ತಗೊಂಡು ಕಲಿಸೋರು ಮೂಲೆಗುಂಪಾದ್ರು.

ಎರಡನೇ ಸಲ ಮೇಷ್ಟ್ರು ಬಂದಿದ್ದು ಬೇರೆ ದಾರಿಯಿಂದ, ರೋಡಲ್ಲಿ ಕಾರು ಜಾಸ್ತಿ ಆಗಿ ಮಕ್ಕಳು ಸಾಯೋಕೆ ಶುರು ಆದ್ಮೇಲೆ. ಬ್ರಿಟನ್‌ನಲ್ಲಿ 1947ರಲ್ಲಿ ಸೈಕ್ಲಿಂಗ್ ಪ್ರೊಫಿಷಿಯೆನ್ಸಿ ಟೆಸ್ಟ್ ಶುರುವಾಯ್ತು. ಅಲ್ಲಿ ಕಲಿಸ್ತಿದ್ದೋರು ಪೊಲೀಸರು, ಸ್ಕೂಲ್ ಟೀಚರ್‌ಗಳು, ಬಿಡುವಿರೋ ಅಪ್ಪ-ಅಮ್ಮಂದಿರು, ಆದ್ರೆ ಓಡಿಸೋದನ್ನ ಅವರು ಕಲಿಸ್ತಿರ್ಲಿಲ್ಲ, ಅದು ಬರುತ್ತೆ ಅಂತಾನೇ ಇಟ್ಕೊಂಡು ಕೈ ತೋರಿಸೋದು, ಹಿಂದೆ ತಿರುಗಿ ನೋಡೋದು, ಜಂಕ್ಷನ್ ದಾಟೋದು ಇವನ್ನ ಹೇಳ್ಕೊಡ್ತಿದ್ರು. ಅಮೆರಿಕದಲ್ಲಿ 1970ರ ದಶಕದಲ್ಲಿ ಜಾನ್ ಫಾರೆಸ್ಟರ್ ಅನ್ನೋ ಇಂಜಿನಿಯರ್ ಬಂದ, ಸೈಕಲ್‌ನೋರೂ ವಾಹನದೋರ ಥರಾನೇ ರೋಡಲ್ಲಿ ನಡ್ಕೋಬೇಕು ಅಂತ ಹಠ ಹಿಡಿದು ಕೋರ್ಸ್ ಮಾಡಿದ, ಕಲಿಸೋರಿಗೆ ಸರ್ಟಿಫಿಕೇಟ್ ಕೊಡೋ ರೂಢಿ ಅಲ್ಲಿ ಈ ಕಡೆಯಿಂದಲೇ ಬೆಳೀತು. ಸೈಕಲ್‌ಗೆ ಅಂತ ಪ್ರತ್ಯೇಕ ದಾರಿ ಬೇಡ ಅನ್ನೋ ಅವನ ವಾದಕ್ಕೆ ನನ್ನ ಒಪ್ಪಿಗೆ ಇಲ್ಲ, ಎಂಟು ವರ್ಷದ ಮಗು ಲಾರಿ ಪಕ್ಕ ಹೋಗೋದು ಯಾವ ನ್ಯಾಯ? 2007ರಲ್ಲಿ ಇಂಗ್ಲೆಂಡ್‌ನಲ್ಲಿ ಹಳೇ ಟೆಸ್ಟಿನ ಜಾಗಕ್ಕೆ ಬೈಕಬಿಲಿಟಿ ಅನ್ನೋ ಟ್ರೈನಿಂಗ್ ಬಂತು, ಮೂರು ಲೆವೆಲ್, ಮೊದ್ಲು ಟ್ರಾಫಿಕ್ ಇಲ್ಲದ ಜಾಗ, ಆಮೇಲೆ ಸಣ್ಣ ರೋಡು, ಕೊನೆಗೆ ದೊಡ್ಡ ರೋಡು. ಇನ್‌ಸ್ಟ್ರಕ್ಟರ್ ಅನ್ನೋದು ಟ್ರೈನಿಂಗ್ ತಗೊಂಡು ಮಾಡೋ ಕೆಲಸ ಆಯ್ತು.

ಇದೆಲ್ಲಕ್ಕಿಂತ ನನಗೆ ಇಷ್ಟವಾದ ದಾರಿ ತಮಿಳುನಾಡಿನ ಪುದುಕೋಟೆಯದು. 1991-92ರಲ್ಲಿ ಅಲ್ಲಿ ಅರಿವೊಳಿ ಸಾಕ್ಷರತಾ ಆಂದೋಲನ ನಡೀತಿತ್ತು, ಕಲೆಕ್ಟರ್ ಆಗಿದ್ದ ಶೀಲಾ ರಾಣಿ ಚುಂಕತ್ ಸೈಕಲ್ ಕಲಿಯೋದನ್ನೂ ಅದಕ್ಕೇ ಸೇರಿಸಿದ್ರು. ಓದು-ಬರಹ ಹೇಳ್ಕೊಡೋ ಕಾರ್ಯಕರ್ತೆಯರು ಒಂದೂರಿಂದ ಇನ್ನೊಂದೂರಿಗೆ ಹೋಗ್ಬೇಕಲ್ಲ, ಅದಕ್ಕೆ. ಲಕ್ಷಕ್ಕೂ ಜಾಸ್ತಿ ಹೆಂಗಸರು ಕಲಿತ್ರು. ಕಲಿಸ್ತಿದ್ದೋರು ಯಾರು ಅಂದ್ರೆ ಸ್ವಲ್ಪ ಮುಂಚೆ ತಾವೇ ಕಲಿತ ಹೆಂಗಸರು. ಲೇಡೀಸ್ ಸೈಕಲ್ ಸಾಲ್ದೆ ಬಂದಾಗ ಜೆಂಟ್ಸ್ ಸೈಕಲ್ಲಲ್ಲೇ ಕಲಿತ್ರು, ಕೆಲವರಂತೂ ಅದನ್ನೇ ಇಷ್ಟಪಟ್ರು, ಯಾಕಂದ್ರೆ ಮುಂದಿನ ಬಾರ್ ಮೇಲೆ ಮಗು ಕೂರಿಸ್ಕೋಬಹುದು. ಭಯ ಹೇಗಿರುತ್ತೆ, ಸೀರೆ ಎಲ್ಲಿ ಸಿಕ್ಕಾಕೊಳ್ಳುತ್ತೆ, ನೋಡೋರು ಏನಂತಾರೆ ಅನ್ನೋದು ಕಲಿಸೋಳಿಗೆ ಇನ್ನೂ ನೆನಪಿತ್ತು. ರೇಸ್ ಗೆದ್ದೋನಿಗೆ ಇದು ಬರಲ್ಲ. ನೆದರ್ಲೆಂಡ್ಸ್‌ನಲ್ಲಿ ವಲಸೆ ಬಂದ ಹೆಂಗಸರಿಗೆ ನಡೆಸೋ ಕ್ಲಾಸುಗಳಲ್ಲೂ ಮೊದ್ಲು ಕಲಿಯೋಕೆ ಬಂದು ಆಮೇಲೆ ಕಲಿಸೋಕೆ ನಿಲ್ಲೋರಿದ್ದಾರೆ.

ಈಗಿನ ಕ್ಲಾಸ್ ನೋಡಿದ್ರೆ ಸೀಟ್ ಹಿಡ್ಕೊಂಡು ಓಡೋರು ಕಮ್ಮಿ. ಸೀಟನ್ನ ಎರಡೂ ಪಾದ ಪೂರ್ತಿ ನೆಲಕ್ಕೆ ಊರೋಷ್ಟು ಇಳಿಸ್ತಾರೆ, ಸ್ಪಾನರ್ ತಗೊಂಡು ಎರಡೂ ಪೆಡಲ್ ಬಿಚ್ಚಿ ಪಕ್ಕಕ್ಕಿಡ್ತಾರೆ (ಎಡಗಡೇದಕ್ಕೆ ಥ್ರೆಡ್ ಉಲ್ಟಾ, ಗೊತ್ತಿಲ್ದೋರು ಬಿಚ್ಚೋಕೆ ಹೋಗಿ ಇನ್ನೂ ಬಿಗಿ ಮಾಡ್ತಾರೆ). ಮೊದ್ಲು ಬ್ರೇಕ್ ಹಿಡಿಯೋದು, ಆಮೇಲೆ ಸ್ವಲ್ಪ ಇಳಿಜಾರಲ್ಲಿ ನೆಲ ಒದ್ಕೊಂಡು ಹೋಗಿ ಕಾಲೆತ್ತೋದು, ಕಣ್ಣು ದೂರಕ್ಕೆ. ಕಾಲೆತ್ತಿ ಆರಾಮಾಗಿ ಜಾರ್ತಾರೆ ಅಂದ್ಮೇಲೆ ಪೆಡಲ್ ಹಾಕ್ತಾರೆ. ಅಂದ್ರೆ ಸುತ್ತಿ ಬಳಸಿ ಡ್ರೈಸ್‌ನ ಗಾಡಿಗೇ ಬಂದಂಗಾಯ್ತು. ಮೇಷ್ಟ್ರು ಹ್ಯಾಂಡಲ್ ಮುಟ್ಟಲ್ಲ, ಮುಟ್ಟಿದ್ರೆ ಬೀಳೋ ಕಡೆ ತಿರುಗಿಸೋದನ್ನ ಕಲಿಯೋರ ಕೈ ಕಲಿಯೋದೇ ಇಲ್ಲ.

ಪೂರ್ತಿ ಹೊಟ್ಟೆಪಾಡಿಗೆ ಇದನ್ನೇ ನಂಬಿರೋರು ಅಷ್ಟೊಂದಿಲ್ಲ. ಮಳೆ ಬಂದ್ರೆ ಕ್ಲಾಸಿಲ್ಲ, ಮಕ್ಕಳ ರಜದಲ್ಲಿ ರಶ್, ಉಳಿದಾಗ ಖಾಲಿ. ಅದಕ್ಕೇ ರಿಪೇರಿ ಮಾಡೋರು, ರಿಟೈರ್ ಆದೋರು, ಪಿಟಿ ಟೀಚರ್‌ಗಳು, ವೀಕೆಂಡ್‌ಗೆ ಬರೋ ಆಫೀಸಿನೋರು ಜಾಸ್ತಿ ಸಿಗ್ತಾರೆ. ಮಕ್ಕಳ ಸೈಕಲ್ ಜೊತೆ ಅಂಗಡಿಯೋರು ಇವತ್ತಿಗೂ ಪಕ್ಕದ ಪುಟ್ಟ ಚಕ್ರ ಎರಡು ಹಾಕಿ ಕೊಡ್ತಾರೆ, ಅದಿದ್ರೆ ಸೈಕಲ್ ಸರಿಯಾಗಿ ವಾಲೋದೇ ಇಲ್ಲ, ಮಗು ಮೂರು ಚಕ್ರದ ಗಾಡಿ ಥರ ತಿರುಗಿಸೋಕೆ ಕಲಿಯುತ್ತೆ. ಹಾಗಾಗಿ ಕ್ಲಾಸಿಗೆ ಬಂದ ಮಗುವಿನ ಸೈಕಲ್ಲಿಂದ ಮೇಷ್ಟ್ರು ಮೊದ್ಲು ಬಿಚ್ಚೋದು ಅದನ್ನೇ, ಅಪ್ಪ-ಅಮ್ಮ ಪಕ್ಕದಲ್ಲಿ ನಿಂತು ಬೇಡ ಬೇಡ ಅಂತಿದ್ರೂ.