ಪದ ಪರಿಚಯ: ಮುಂದೂಡಿದ ಕನಸು

‘ಅಮೆರಿಕನ್ ಡ್ರೀಮ್’ ಎಂದ ಕೂಡಲೇ ನಮಗೆ ವೀಸಾ, ಡಾಲರ್ ಸಂಬಳ, ದೊಡ್ಡ ಮನೆ ನೆನಪಾಗುತ್ತವೆ. ಈ ಮಾತನ್ನು ಜನರ ಬಾಯಿಗೆ ತಂದ ಇತಿಹಾಸಕಾರ ಜೇಮ್ಸ್ ಟ್ರಸ್ಲೋ ಆಡಮ್ಸ್ ಹೇಳಿದ್ದೇ ಬೇರೆ. 1931ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ ಬಂದ ‘ದಿ ಎಪಿಕ್ ಆಫ್ ಅಮೆರಿಕ’ದಲ್ಲಿ ಅವರು, ಇದು ಬರೀ ಮೋಟಾರು ಕಾರಿನ, ಕೈತುಂಬ ಸಂಬಳದ ಕನಸಲ್ಲ ಎಂದರು. ಹುಟ್ಟಿದ ಮನೆ ಯಾವುದೇ ಇರಲಿ, ಪ್ರತಿ ಗಂಡು ಹೆಣ್ಣೂ ತನ್ನ ಶಕ್ತಿ ಇದ್ದಷ್ಟು ಬೆಳೆಯಬಲ್ಲ ಸಮಾಜವೇ ಆ ಕನಸು.

ಆ ಕನಸು ಕೈಕೊಟ್ಟ ಕಥೆ ಹೇಳುವಾಗ ನಾವು ‘ಭ್ರಮನಿರಸನ’ ಎನ್ನುತ್ತೇವೆ. ಆದರೆ ಭ್ರಮೆ ಕಳಚಬೇಕಾದರೆ ಮೊದಲು ಭ್ರಮೆ ಇರಬೇಕಲ್ಲ? ಕಪ್ಪು ಅಮೆರಿಕನ್ನರ ಮಹಾಕವಿ ಲ್ಯಾಂಗ್‌ಸ್ಟನ್ ಹ್ಯೂಸ್‌ಗೆ ಅಂಥ ಭ್ರಮೆ ಇರಲಿಲ್ಲ. ನ್ಯೂಯಾರ್ಕಿನಲ್ಲಿ ಕಪ್ಪು ಜನರ ನೆಲೆಯಾಗಿದ್ದ ಬಡಾವಣೆಯ ಹೆಸರು ಹೊತ್ತು 1951ರಲ್ಲಿ ಬಂದ ‘ಹಾರ್ಲೆಮ್’ ಎಂಬ ಹನ್ನೊಂದು ಸಾಲಿನ ಕವಿತೆಯಲ್ಲಿ ಅವರು ಆರಿಸಿದ ಪದ ‘ಡೆಫರ್ಡ್’, ಅಂದರೆ ಮುಂದೂಡಿದ್ದು. ಕನಸು ಸತ್ತಿಲ್ಲ, ಒಡೆದಿಲ್ಲ. ಕೋರ್ಟಿನಲ್ಲಿ ವಾಯಿದೆಯ ಮೇಲೆ ವಾಯಿದೆ ಬಿದ್ದ ಹಾಗೆ: ದಾವೆ ವಜಾ ಆಗಿಲ್ಲ, ತೀರ್ಪೂ ಬಂದಿಲ್ಲ, ಅಲೆದಾಟ ಮಾತ್ರ ತಪ್ಪಿಲ್ಲ. ಹಾಗೆ ಮುಂದೂಡಿದ ಕನಸು ಏನಾಗುತ್ತದೆ ಎಂದು ಕವಿ ಕೇಳುತ್ತಾರೆ. ಬಿಸಿಲಲ್ಲಿ ದ್ರಾಕ್ಷಿಯಂತೆ ಒಣಗುತ್ತದೆಯೇ, ಹುಣ್ಣಾಗಿ ಕೀವು ಸುರಿಸುತ್ತದೆಯೇ, ಕೊಳೆತ ಮಾಂಸದಂತೆ ನಾರುತ್ತದೆಯೇ? ಕೊನೆಯ ಪ್ರಶ್ನೆ: ಇಲ್ಲವೇ, ಸಿಡಿಯುತ್ತದೆಯೇ?

ಕನ್ನಡದ ಪದ ಇಲ್ಲಿ ಇಂಗ್ಲಿಷಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮುಂದೂಡು ಎಂದರೆ ಮುಂದಕ್ಕೆ ದೂಡು. ದೂಡಿದ ಕೈ ಒಂದು ಇರಲೇಬೇಕು.

ಆ ಕೈಯ ಗುರುತು ನಕ್ಷೆಗಳಲ್ಲಿ ಸಿಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆಯೊಂದು ನಗರಗಳ ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಬಳಿಯಿತು. ಕೆಂಪು ಎಂದರೆ ಸಾಲ ಕೊಟ್ಟರೆ ಅಪಾಯ. ಕಪ್ಪು ಜನ ನೆಲೆಸಿದ್ದ ಬಡಾವಣೆಗಳಿಗೆ ಹೆಚ್ಚಾಗಿ ಸಿಕ್ಕಿದ್ದು ಈ ಕೆಂಪೇ. ‘ರೆಡ್‌ಲೈನಿಂಗ್’, ಅಂದರೆ ಕೆಂಪು ಗೆರೆ ಎಳೆದು ಸಾಲ ನಿರಾಕರಿಸುವುದು, ಎಂಬ ಪದ ಹುಟ್ಟಿದ್ದು ಈ ಪದ್ಧತಿಯಿಂದ. 1934ರಲ್ಲಿ ಶುರುವಾದ ಸರ್ಕಾರಿ ಗೃಹಸಾಲ ವಿಮೆಯೂ ಅಂಥ ಬಡಾವಣೆಗಳತ್ತ ತಿರುಗಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಿಂದ, ನ್ಯೂಯಾರ್ಕ್ ಬಳಿಯ ಲೆವಿಟ್‌ಟೌನ್‌ನಲ್ಲಿ ಕಡಿಮೆ ಬೆಲೆಯ ಸಾವಿರಾರು ಮನೆಗಳು ಎದ್ದವು. ಅಮೆರಿಕನ್ ಕನಸಿನ ಜಾಹೀರಾತಿನಂತಿದ್ದ ಊರು ಅದು. ಅಲ್ಲಿನ ಕರಾರುಪತ್ರದಲ್ಲಿ ಬಿಳಿಯರಲ್ಲದವರು ವಾಸಿಸಕೂಡದೆಂಬ ಷರತ್ತಿತ್ತು. ಅದೇ ದೇಶಕ್ಕಾಗಿ ಯುದ್ಧ ಮಾಡಿ ಬಂದ ಕಪ್ಪು ಸೈನಿಕನಿಗೂ ಆ ಬಾಗಿಲು ಮುಚ್ಚಿತ್ತು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಸಾಮಾನ್ಯ ಕುಟುಂಬಕ್ಕೆ ಮನೆ ಎಂದರೆ ಬರೀ ಸೂರಲ್ಲ. ಅದರ ಬೆಲೆ ಏರುತ್ತದೆ, ಮಕ್ಕಳ ಓದಿಗೆ ಅದರ ಮೇಲೆ ಸಾಲ ಹುಟ್ಟುತ್ತದೆ, ಕೊನೆಗೆ ಅದೇ ಆಸ್ತಿಯಾಗಿ ಮಕ್ಕಳ ಕೈ ಸೇರುತ್ತದೆ. ಅಜ್ಜನಿಗೆ ಸಾಲ ಸಿಗದಿದ್ದರೆ ಮೊಮ್ಮಗಳು ಬರಿಗೈಯಿಂದ ಆರಂಭಿಸಬೇಕು. ಮನೆ ಮಾರಾಟ, ಬಾಡಿಗೆಗಳಲ್ಲಿ ಬಣ್ಣ ನೋಡುವುದನ್ನು ನಿಷೇಧಿಸಿದ ಕೇಂದ್ರ ಕಾಯಿದೆ ಬಂದದ್ದು 1968ರಲ್ಲಿ. ಹ್ಯೂಸ್ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಹಾಗಾದರೆ ‘ಭ್ರಮನಿರಸನ’ ಯಾರಿಗೆ ಹೊಂದುತ್ತದೆ? ದೆಹಲಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ ಲೆಕ್ಕದಂತೆ, 1940ರಲ್ಲಿ ಹುಟ್ಟಿದ ಅಮೆರಿಕನ್ನರಲ್ಲಿ ಸುಮಾರು ಶೇ 90 ಮಂದಿ ತಂದೆತಾಯಿಗಿಂತ ಹೆಚ್ಚು ದುಡಿದರು. 1980ರಲ್ಲಿ ಹುಟ್ಟಿದವರಲ್ಲಿ ಹಾಗೆ ದುಡಿದವರು ಅರ್ಧದಷ್ಟು ಮಾತ್ರ. ಕನಸು ತಮ್ಮದೇ ಎಂದು ನಂಬಿ ಬೆಳೆದವರ ಕಾಲಡಿಯ ನೆಲವೂ ಕುಸಿದಿದೆ.

ಇದನ್ನೂ ಹ್ಯೂಸ್ ಬಹಳ ಮೊದಲೇ ಕಂಡಿದ್ದರು. 1936ರಲ್ಲಿ ಮೊದಲು ಅಚ್ಚಾದ ‘ಲೆಟ್ ಅಮೆರಿಕ ಬಿ ಅಮೆರಿಕ ಅಗೇನ್’ ಕವಿತೆಯಲ್ಲಿ ಮೋಸ ಹೋದ ಬಡ ಬಿಳಿಯ, ನೆಲ ಕಳೆದುಕೊಂಡ ಮೂಲನಿವಾಸಿ, ಗುಲಾಮಗಿರಿಯ ಗಾಯ ಹೊತ್ತ ಕಪ್ಪು ಮನುಷ್ಯ, ಆಸೆ ಹೊತ್ತು ಬಂದ ವಲಸಿಗ ಎಲ್ಲರೂ ‘ನಾನು’ ಎಂದೇ ಮಾತಾಡುತ್ತಾರೆ. ಅಮೆರಿಕ ನನ್ನ ಪಾಲಿಗೆ ಎಂದೂ ಅಮೆರಿಕ ಆಗಿರಲಿಲ್ಲ ಎಂಬ ಸಾಲು ಕವಿತೆಯ ಮೊದಲಲ್ಲಿ ಆವರಣ ಚಿಹ್ನೆಯೊಳಗೆ, ಪಿಸುಮಾತಿನಂತೆ ಬರುತ್ತದೆ. ಕೊನೆಯ ಹೊತ್ತಿಗೆ ಅದೇ ಸಾಲು ಆವರಣ ದಾಟಿ ಹೊರಬಂದು, ಸ್ಪಷ್ಟ ದನಿಯಲ್ಲಿ ನಿಲ್ಲುತ್ತದೆ. ಅದರ ಬೆನ್ನಿಗೇ ಒಂದು ಆಣೆ: ಅಮೆರಿಕ ಆಗಿಯೇ ಆಗುತ್ತದೆ.