ಹಸಿದು ಕುಳಿತ ಹನ್ನೆರಡು ಮಂದಿ

1670ರ ಆಗಸ್ಟ್ ತಿಂಗಳಲ್ಲಿ ಲಂಡನ್ನಿನ ಗ್ರೇಸ್‌ಚರ್ಚ್ ಬೀದಿಯ ಕ್ವೇಕರ್ ಎಂಬ ಕ್ರೈಸ್ತ ಪಂಥದ ಪ್ರಾರ್ಥನಾ ಮಂದಿರಕ್ಕೆ ಬೀಗ ಬಿದ್ದಿತ್ತು, ಬಾಗಿಲಲ್ಲಿ ಸೈನಿಕರ ಕಾವಲಿತ್ತು. ವಿಲಿಯಂ ಪೆನ್ ಎಂಬ ಇಪ್ಪತ್ತೈದರ ಯುವಕ ಬೀದಿಯಲ್ಲೇ ನಿಂತು ಪ್ರವಚನ ಆರಂಭಿಸಿದ. ಅಕ್ರಮವಾಗಿ ಗುಂಪು ಸೇರಿಸಿ ಶಾಂತಿ ಕದಡಿದನೆಂದು ಅವನನ್ನೂ ಸಂಗಡಿಗ ವಿಲಿಯಂ ಮೀಡ್‌ನನ್ನೂ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ವಿಚಾರಣೆಗೆ ಗುರಿಪಡಿಸಲಾಯಿತು. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಹನ್ನೆರಡು ಮಂದಿ ನಾಗರಿಕರ ಜ್ಯೂರಿ, ಪೆನ್ ಆ ಬೀದಿಯಲ್ಲಿ ಮಾತನಾಡಿದ್ದು ನಿಜ ಎಂದಷ್ಟೇ ಹೇಳಿತೇ ಹೊರತು ಅದನ್ನು ಅಪರಾಧವೆನ್ನಲು ಒಪ್ಪಲಿಲ್ಲ. ಕೆರಳಿದ ನ್ಯಾಯಪೀಠ ಊಟ, ನೀರು, ಚಳಿ ಕಾಯಿಸಲು ಬೆಂಕಿ ಯಾವುದನ್ನೂ ಕೊಡದೆ ಅವರನ್ನು ಕೂಡಿಹಾಕಿಸಿತು. ಎರಡು ರಾತ್ರಿ ಕಳೆದ ಮೇಲೂ ಅವರು ಬಗ್ಗಲಿಲ್ಲ. ಇಬ್ಬರೂ ನಿರ್ದೋಷಿಗಳೆಂದೇ ಸಾರಿದರು.

ಜ್ಯೂರಿಯವರಿಗೇ ದಂಡ ಬಿತ್ತು. ಎಡ್ವರ್ಡ್ ಬುಷೆಲ್ ದಂಡ ತೆರಲೊಲ್ಲದೆ ಸೆರೆಮನೆ ಸೇರಿ, ಅಲ್ಲಿಂದ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ; ಅಕ್ರಮ ಬಂಧನದ ವಿರುದ್ಧ ನಮ್ಮ ಹೈಕೋರ್ಟುಗಳಲ್ಲಿ ಇಂದಿಗೂ ಸಲ್ಲಿಕೆಯಾಗುವ ಅರ್ಜಿಯ ಮೂಲವೂ ಇಂಗ್ಲೆಂಡಿನ ಆ ಪದ್ಧತಿಯೇ. ಕೊಟ್ಟ ತೀರ್ಪಿಗಾಗಿ ಜ್ಯೂರಿಯನ್ನು ದಂಡಿಸುವಂತಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ವಾನ್ ನಿರ್ಣಯಿಸಿದರು.

ಈ ಮೊಕದ್ದಮೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಹನ್ನೆರಡು ವರ್ಷಗಳ ನಂತರ ಅದೇ ಪೆನ್ ಅಟ್ಲಾಂಟಿಕ್ ದಾಟಿ ಪೆನ್ಸಿಲ್ವೇನಿಯಾ ವಸಾಹತನ್ನು ಕಟ್ಟಿದಾಗ, ಹನ್ನೆರಡು ಮಂದಿಯ ಜ್ಯೂರಿ ಅಲ್ಲಿನ ಕಾನೂನಿನಲ್ಲಿ ಸ್ಥಾನ ಪಡೆಯಿತು. 1687ರಲ್ಲಿ ಅವನ ಮುತುವರ್ಜಿಯಿಂದ ಫಿಲಡೆಲ್ಫಿಯಾದಲ್ಲಿ ಮ್ಯಾಗ್ನಾ ಕಾರ್ಟಾ ಅಚ್ಚಾಯಿತು. ಅಮೆರಿಕದ ನೆಲದಲ್ಲಿ ಅದರ ಮೊದಲ ಮುದ್ರಣ ಅದು. 1215ರಲ್ಲಿ ಥೇಮ್ಸ್ ದಂಡೆಯ ರನ್ನಿಮೀಡ್ ಬಯಲಿನಲ್ಲಿ ಜಾನ್ ದೊರೆಯಿಂದ ಸಾಮಂತರು ಬಲವಂತವಾಗಿ ಪಡೆದ ಆ ಸನ್ನದಿನ 39ನೆಯ ವಿಧಿ, ಸರೀಕರ ನ್ಯಾಯಸಮ್ಮತ ತೀರ್ಪಿನಿಂದ ಇಲ್ಲವೇ ನಾಡಿನ ಕಾನೂನಿನಿಂದ ಹೊರತು ಸ್ವತಂತ್ರ ಮನುಷ್ಯನನ್ನು ಸೆರೆಹಿಡಿಯಲಾಗದು ಎನ್ನುತ್ತದೆ. ವಲಸೆ ಬಂದವರು ಹೊಸ ಹಕ್ಕುಗಳನ್ನು ಬೇಡುತ್ತಿರಲಿಲ್ಲ, ಪಿತ್ರಾರ್ಜಿತವನ್ನು ಕೇಳುತ್ತಿದ್ದರು. 1606ರ ವರ್ಜೀನಿಯಾ ಸನ್ನದು, ಅಲ್ಲಿ ನೆಲೆಸಿದವರಿಗೂ ಅವರ ಮಕ್ಕಳಿಗೂ ಇಂಗ್ಲೆಂಡಿನಲ್ಲೇ ಹುಟ್ಟಿದವರಿಗಿರುವ ಸ್ವಾತಂತ್ರ್ಯಗಳನ್ನೆಲ್ಲ ಬರಹದಲ್ಲೇ ಕೊಟ್ಟಿತ್ತು.

ಪ್ರಾತಿನಿಧ್ಯದ ಕಥೆಯೂ ವರ್ಜೀನಿಯಾದ್ದೇ. 1619ರ ಜುಲೈ 30ರಂದು ಜೇಮ್ಸ್‌ಟೌನಿನ ಮರದ ಚರ್ಚಿನಲ್ಲಿ ಗವರ್ನರ್ ಜಾರ್ಜ್ ಯಾರ್ಡ್ಲಿಯ ಮುಂದೆ 22 ಪ್ರತಿನಿಧಿಗಳು ಸೇರಿದರು. ವಿಪರೀತ ಸೆಕೆ, ಹಲವರು ಕಾಯಿಲೆ ಬಿದ್ದರು, ಸದಸ್ಯನೊಬ್ಬ ತೀರಿಯೇ ಹೋದ. ಆರು ದಿನಗಳಲ್ಲಿ ಅಧಿವೇಶನ ಮುಗಿಸಬೇಕಾಯಿತು. ಅಷ್ಟರಲ್ಲಿ ಹೊಗೆಸೊಪ್ಪಿನ ಬೆಲೆಯಿಂದ ಹಿಡಿದು ಜೂಜಾಟದವರೆಗೆ ಅವರು ನಿಯಮ ಮಾಡಿದ್ದರು. ಕೆಲವೇ ವಾರಗಳ ನಂತರ, ಅದೇ ಆಗಸ್ಟಿನಲ್ಲಿ, ಸೆರೆಹಿಡಿದ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಹೊತ್ತ ಹಡಗು ಅದೇ ವಸಾಹತಿಗೆ ಬಂತು. ಸನ್ನದಿನ ಮಾತು ಅವರಿಗೆ ಅನ್ವಯಿಸಲಿಲ್ಲ; ಈ ಇತಿಹಾಸವನ್ನು ಹೇಳುವಾಗ ಆ ಹಡಗನ್ನು ಬಿಟ್ಟು ಹೇಳುವುದು ಅನ್ಯಾಯವೆಂದೇ ನನ್ನ ಭಾವನೆ.

ಕಾಲಕ್ರಮದಲ್ಲಿ ಪ್ರಾತಿನಿಧ್ಯ ಎಂಬ ಮಾತಿಗೆ ಎರಡು ದಡಗಳಲ್ಲಿ ಎರಡು ಅರ್ಥ ಬಂದವು. ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರಿನಂಥ ಬೆಳೆಯುತ್ತಿದ್ದ ಊರಿಗೇ ತನ್ನದೆಂಬ ಸಂಸದನಿರಲಿಲ್ಲ. ಪಾರ್ಲಿಮೆಂಟು ಎಲ್ಲ ಪ್ರಜೆಗಳ ಪರವಾಗಿಯೂ ಯೋಚಿಸುತ್ತದೆ ಎಂಬುದು ಅಲ್ಲಿನ ವಾದ. ತಮ್ಮ ಊರಿನವನನ್ನೇ ಆರಿಸಿ ಕಳುಹಿಸಿ ರೂಢಿಯಾಗಿದ್ದ ವಸಾಹತಿನವರಿಗೆ ಅದು ಹಿಡಿಸಲಿಲ್ಲ. 1765ರ ಸ್ಟ್ಯಾಂಪ್ ಕಾಯ್ದೆ ಅವರ ಒಪ್ಪಿಗೆಯಿಲ್ಲದೆ ಪತ್ರಿಕೆ, ಕರಾರುಪತ್ರಗಳ ಮೇಲೆ ತೆರಿಗೆ ಹಾಕಿದ್ದಲ್ಲದೆ, ಅದನ್ನು ಮೀರಿದವರನ್ನು ಜ್ಯೂರಿಯೇ ಇಲ್ಲದ ನೌಕಾ ನ್ಯಾಯಾಲಯಗಳಲ್ಲಿ ವಿಚಾರಿಸಲೂ ಅವಕಾಶ ಕೊಟ್ಟಿತು. ಅದೇ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ಈ ಎರಡನ್ನೂ ಒಟ್ಟಿಗೇ ಖಂಡಿಸಿದರು. 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ದೊರೆಯ ಮೇಲಿನ ದೂರುಗಳ ನಡುವೆ ಒಪ್ಪಿಗೆಯಿಲ್ಲದ ತೆರಿಗೆ ಬರುತ್ತದೆ; ಅದರ ಬೆನ್ನಿಗೇ ಜ್ಯೂರಿಯನ್ನು ಕಿತ್ತುಕೊಂಡ ದೂರು.